ಹೆಚ್ಚಿದ್ದು ಆಟಿಸಂ ಎಷ್ಟು, ಗುರುತಿಸುವಿಕೆ ಎಷ್ಟು?

“ನಮ್ಮ ಕಾಲದಲ್ಲಿ ಇಂಥದ್ದೆಲ್ಲ ಇತ್ತೇ?” ಎಂಬ ಮಾತನ್ನು ಉತ್ತರ ಕನ್ನಡದಲ್ಲಿ ಆಟಿಸಂ, ಅಂದರೆ ಸ್ವಲೀನತೆ ಇರುವ ಮಗುವಿನ ತಂದೆತಾಯಿ ಒಂದಿಲ್ಲೊಂದು ದಿನ ಕೇಳಿಯೇ ಇರುತ್ತಾರೆ. ಎರಡೂವರೆ ವರ್ಷವಾದರೂ ಮಾತು ಬಾರದ, ಹೆಸರು ಹಿಡಿದು ಕರೆದರೂ ತಿರುಗಿ ನೋಡದ, ಆಟದ ಕಾರನ್ನು ಓಡಿಸುವ ಬದಲು ಅದರ ಗಾಲಿಯನ್ನಷ್ಟೇ ತಿರುಗಿಸುತ್ತ ಕೂರುವ ಮಗುವನ್ನು ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾದ ಬಾಂಬೋಳಿಗೋ ಕರೆದೊಯ್ದು, ವೈದ್ಯರ ಚೀಟಿಯಲ್ಲಿ ಆ ಹೆಸರು ಬರೆಸಿಕೊಂಡು ಊರಿಗೆ ಮರಳಿದವರಿಗೆ ಹಿರಿಯರಿಂದ, ನೆಂಟರಿಂದ, ನೆರೆಮನೆಯವರಿಂದ ಮೊದಲು ಕೇಳಿಬರುವುದು ಅದೇ. ಅದರ ಬೆನ್ನಿಗೇ ಕಾರಣಗಳೂ ಬರುತ್ತವೆ: ಮೊಬೈಲು, ಲಸಿಕೆ, ಕೈಗಾದ ಅಣುಸ್ಥಾವರ, ತೋಟಕ್ಕೆ ಹೊಡೆದ ಔಷಧ, ಬಸುರಿಯಿದ್ದಾಗ ನುಂಗಿದ ಮಾತ್ರೆ. ಕೊನೆಗೆ ಎಲ್ಲವೂ ತಾಯಿಯ ತಲೆಯ ಮೇಲೇ ಬಂದು ಕೂರುತ್ತದೆ. ಆದರೂ ಪ್ರಶ್ನೆ ಸಹಜವಾದದ್ದು. ಅದಕ್ಕೆ ಉತ್ತರ ಸಿಗಬೇಕು. ಒಂದು ತಲೆಮಾರಿನ ಹಿಂದೆ ಈ ಕಡೆ ಯಾರೂ ಕೇಳಿರದ ಹೆಸರು ಇಂದು ಅಂಗನವಾಡಿಯವರೆಗೂ ಬಂದಿರುವಾಗ, ನಿಜವಾಗಿ ಹೆಚ್ಚಿದ್ದು ಏನು ಎಂಬುದನ್ನು ಸಾವಧಾನವಾಗಿ ಬಿಡಿಸಿ ನೋಡಬೇಕು.

ಏರಿಕೆಯ ಮಾತು ಬಂದಾಗಲೆಲ್ಲ ಎದುರಿಗೆ ಬರುವುದು ಅಮೆರಿಕದ ಅಂಕಿಗಳು. ಅಲ್ಲಿಯ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ, ಆಯ್ದ ಪ್ರದೇಶಗಳಲ್ಲಿ 8 ವರ್ಷದ ಮಕ್ಕಳ ಆಸ್ಪತ್ರೆ ಮತ್ತು ಶಾಲೆಯ ದಾಖಲೆಗಳನ್ನು ಪರಿಶೀಲಿಸಿ ಲೆಕ್ಕ ಕೊಡುತ್ತದೆ. ಅದರ ಪ್ರಕಾರ 2000ದಲ್ಲಿ 150 ಮಕ್ಕಳಲ್ಲಿ ಒಬ್ಬರಿಗೆ ಆಟಿಸಂ ಇತ್ತು. 2020ರಲ್ಲಿ ಅದು 36ಕ್ಕೆ ಒಬ್ಬರಾಯಿತು. 2022ರ ದಾಖಲೆಗಳನ್ನು ಆಧರಿಸಿ 2025ರ ಏಪ್ರಿಲ್‌ನಲ್ಲಿ ಪ್ರಕಟವಾದ ವರದಿಯಲ್ಲಿ 31ಕ್ಕೆ ಒಬ್ಬರು. ಇನ್ನೂ ಹಿಂದಕ್ಕೆ ಹೋದರೆ, 1966ರಲ್ಲಿ ಇಂಗ್ಲೆಂಡಿನ ಮಿಡ್ಲ್‌ಸೆಕ್ಸ್‌ನಲ್ಲಿ ವಿಕ್ಟರ್ ಲಾಟರ್ ಮಾಡಿದ ಎಣಿಕೆಯಲ್ಲಿ 10,000 ಮಕ್ಕಳಿಗೆ ಸಿಕ್ಕವರು 4.5ರಷ್ಟು ಮಾತ್ರ. ಈ ಎರಡು ತುದಿಗಳನ್ನು ಒಂದೇ ಗೆರೆಯಿಂದ ಜೋಡಿಸಿದರೆ ಯಾವ ತಂದೆತಾಯಿಗಾದರೂ ಎದೆ ಝಲ್ಲೆನ್ನುತ್ತದೆ. ಹಾಗೆ ಜೋಡಿಸಬಹುದೇ ಎಂಬುದೇ ಇಲ್ಲಿರುವ ಮುಖ್ಯ ಪ್ರಶ್ನೆ.

2022ರ ದಾಖಲೆಗಳ ಆ ವರದಿಯ ಒಳಗೇ ಅದಕ್ಕೊಂದು ಸುಳಿವಿದೆ. ಅದೇ ವರ್ಷ, ಅದೇ ವಿಧಾನದಲ್ಲಿ ಎಣಿಸಿದಾಗ ಕ್ಯಾಲಿಫೋರ್ನಿಯಾದ ಕೇಂದ್ರದಲ್ಲಿ ಸಾವಿರ ಮಕ್ಕಳಿಗೆ 53 ಮಂದಿ ಸಿಕ್ಕರೆ, ಟೆಕ್ಸಾಸಿನ ಲರೆಡೊ ಪಟ್ಟಣದಲ್ಲಿ ಸಿಕ್ಕವರು ಹತ್ತಕ್ಕೂ ಕಡಿಮೆ. ಒಂದೇ ದೇಶದ ಎರಡು ಊರುಗಳ ಮಕ್ಕಳ ಮೆದುಳು ಐದು ಪಟ್ಟು ಬೇರೆಯಾಗಿರುತ್ತದೆಂದು ನಂಬುವುದು ಕಷ್ಟ. ಬೇರೆಯಾಗಿರುವುದು ಅಲ್ಲಿಯ ಮಕ್ಕಳ ತಜ್ಞರಿಗೆ ಸಿಕ್ಕಿರುವ ತರಬೇತಿ, ಶಾಲೆಗಳ ಕಾಳಜಿ, ಚಿಕಿತ್ಸೆಗೆ ಹಣ ಕೊಡುವ ವ್ಯವಸ್ಥೆ. ದಾಖಲೆಗಳನ್ನು ಎಣಿಸಿದಾಗ ಕಾಯಿಲೆಯ ಜೊತೆಗೆ ದಾಖಲಿಸುವ ಶಕ್ತಿಯನ್ನೂ ಎಣಿಸಿದಂತಾಗುತ್ತದೆ.

ಅದಕ್ಕಿಂತ ದೊಡ್ಡದು ವ್ಯಾಖ್ಯೆಯ ಬದಲಾವಣೆ. 1943ರಲ್ಲಿ ಲಿಯೋ ಕ್ಯಾನರ್ ಎಂಬ ಮನೋವೈದ್ಯರು 11 ಮಕ್ಕಳನ್ನು ವಿವರಿಸಿ ಬರೆದಾಗ ಆಟಿಸಂ ತೀರಾ ಅಪರೂಪದ, ತೀರಾ ತೀವ್ರವಾದ ಸ್ಥಿತಿಯೆಂದೇ ಎಲ್ಲರ ತಿಳಿವಳಿಕೆಯಾಗಿತ್ತು. 1979ರಲ್ಲಿ ಲಂಡನ್ನಿನ ಕ್ಯಾಂಬರ್‌ವೆಲ್‌ನಲ್ಲಿ ಲೋರ್ನಾ ವಿಂಗ್ ಮತ್ತು ಜುಡಿತ್ ಗೌಲ್ಡ್ ನಡೆಸಿದ ಅಧ್ಯಯನ ಬೇರೆಯದನ್ನೇ ತೋರಿಸಿತು: ಕ್ಯಾನರ್ ಹೇಳಿದ ಲಕ್ಷಣಗಳೆಲ್ಲ ಪೂರ್ತಿ ಕೂಡಿಬರದಿದ್ದರೂ ಬೆರೆಯುವಿಕೆ, ಮಾತುಕತೆ, ಕಲ್ಪನೆಯ ಆಟ ಈ ಮೂರರಲ್ಲೂ ತೊಂದರೆಯಿರುವ ಮಕ್ಕಳು ಇನ್ನೂ ಎಷ್ಟೋ ಜನ ಇದ್ದರು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ 1980ರಲ್ಲಿ ಆಟಿಸಂಗೆ ಪ್ರತ್ಯೇಕ ಸ್ಥಾನ ದೊರೆಯಿತು. 1987ರಲ್ಲಿ ಮಾನದಂಡ ಸಡಿಲವಾಯಿತು. 1994ರಲ್ಲಿ ಮಾತು ಚೆನ್ನಾಗಿದ್ದು ಬೆರೆಯಲು ಮಾತ್ರ ಕಷ್ಟಪಡುವ ಮಕ್ಕಳಿಗೆ ಆಸ್ಪರ್ಗರ್ ಎಂಬ ಹೆಸರು ಸೇರಿತು. 2013ರಲ್ಲಿ ಇವೆಲ್ಲವೂ ಆಟಿಸಂ ಸ್ಪೆಕ್ಟ್ರಂ ಎಂಬ ಒಂದೇ ವಿಶಾಲ ಗುಂಪಾದವು. ಆಟಿಸಂ ಇದ್ದರೆ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಕೂಡ ಇದೆಯೆಂದು ಹೇಳುವಂತಿಲ್ಲ ಎಂಬ ಹಳೆಯ ನಿರ್ಬಂಧವೂ ಆ ವರ್ಷವೇ ತೆರವಾಯಿತು. 1966ರ ಬಲೆಯ ಕಣ್ಣು ದೊಡ್ಡದಿತ್ತು, ಇಂದಿನದು ಸಣ್ಣದು. ಬಲೆಗೆ ಬಿದ್ದ ಮೀನು ಹೆಚ್ಚಿತೆಂದ ಮಾತ್ರಕ್ಕೆ ಸಮುದ್ರದ ಮೀನು ಅಷ್ಟೇ ಪಟ್ಟು ಹೆಚ್ಚಿತೆಂದು ಕಾರವಾರದ ಯಾವ ಮೀನುಗಾರನೂ ಹೇಳಲಾರ.

ಇದು ಬರಿಯ ತರ್ಕವಲ್ಲ, ಅಳೆದು ನೋಡಿದ ಸಂಗತಿ. ಪ್ರತಿಯೊಬ್ಬ ನಾಗರಿಕನ ಆರೋಗ್ಯ ದಾಖಲೆಯನ್ನು ಕ್ರಮವಾಗಿ ಇಡುವ ಡೆನ್ಮಾರ್ಕಿನಲ್ಲಿ 1994ರಲ್ಲಿ ಮಾನದಂಡ ಬದಲಾಯಿತು, 1995ರಿಂದ ಹೊರರೋಗಿಗಳ ದಾಖಲೆಯೂ ಲೆಕ್ಕಕ್ಕೆ ಸೇರಿತು. ಅಲ್ಲಿ ಕಂಡ ಏರಿಕೆಯ ಸುಮಾರು 60 ಪ್ರತಿಶತ ಈ ಎರಡು ಬದಲಾವಣೆಗಳಿಂದಲೇ ಬಂದದ್ದೆಂದು 2015ರಲ್ಲಿ ಪ್ರಕಟವಾದ ವಿಶ್ಲೇಷಣೆ ತೋರಿಸಿತು. ಅದೇ ವರ್ಷ ಸ್ವೀಡನ್ನಿನ ಅವಳಿ ಮಕ್ಕಳ ಅಧ್ಯಯನವೂ ಹೊರಬಂತು. ತಂದೆತಾಯಿಗಳನ್ನು ಕೇಳಿ ಅಳೆದ ಆಟಿಸಂ ಲಕ್ಷಣಗಳ ಪ್ರಮಾಣ ಹತ್ತು ವರ್ಷಗಳಲ್ಲಿ ಹೆಚ್ಚುಕಡಿಮೆ ಹಾಗೆಯೇ ಇತ್ತು. ವೈದ್ಯರು ದಾಖಲಿಸಿದ ಪ್ರಮಾಣ ಮಾತ್ರ ಏರುತ್ತ ಹೋಗಿತ್ತು. ಅಮೆರಿಕದ ಶಾಲಾ ದಾಖಲೆಗಳಲ್ಲಿ ಆಟಿಸಂ ಏರಿದ ವರ್ಷಗಳಲ್ಲೇ ಬೌದ್ಧಿಕ ಅಸಾಮರ್ಥ್ಯ ಮತ್ತು ಕಲಿಕಾ ನ್ಯೂನತೆಯ ಪಟ್ಟಿ ಇಳಿದದ್ದನ್ನು ಸಂಶೋಧಕರು ಗುರುತಿಸಿದ್ದಾರೆ. ಮಗು ಅದೇ, ಹಣೆಪಟ್ಟಿ ಬೇರೆ. ಆದರೂ ಎಲ್ಲ ಏರಿಕೆಯೂ ಹೀಗೆ ಕರಗಿಹೋಗುತ್ತದೆಂದು ಹೇಳುವವರನ್ನು ನಾನು ಒಪ್ಪುವುದಿಲ್ಲ. ಡೆನ್ಮಾರ್ಕಿನ ಲೆಕ್ಕದಲ್ಲೂ 40 ಪ್ರತಿಶತ ಉಳಿಯುತ್ತದೆ; ಅದರೊಳಗೆ ಜಾಗೃತಿಯ ಪಾಲೂ ಇದ್ದೀತು, ನಿಜವಾದ ಹೆಚ್ಚಳದ ಪಾಲೂ ಇದ್ದೀತು.

ನಮ್ಮ ದೇಶದ ಕಥೆ ಇನ್ನೂ ಸರಳ. ಅಂಗವಿಕಲರ ಹಕ್ಕುಗಳಿಗಾಗಿ 1995ರಲ್ಲಿ ಬಂದ ಕಾಯ್ದೆಯ ಏಳು ವಿಧಗಳಲ್ಲಿ ಆಟಿಸಂ ಇರಲೇ ಇಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಅದನ್ನು ಹೆಸರಿಸಿತಾದರೂ ಪ್ರಮಾಣಪತ್ರ, ಮೀಸಲಾತಿ, ಸೌಲಭ್ಯಗಳ ಹಾದಿ ಪೂರ್ತಿಯಾಗಿ ತೆರೆದದ್ದು 21 ವಿಧಗಳನ್ನು ಪಟ್ಟಿಮಾಡಿದ 2016ರ ಕಾಯ್ದೆಯಿಂದ. 2011ರ ಜನಗಣತಿಗೆ ಬಂದ ಶಿಕ್ಷಕರ ಕೈಯಲ್ಲಿದ್ದ ನಮೂನೆಯಲ್ಲಿ ಸ್ವಲೀನತೆ ಎಂಬ ಕಾಲಂ ಇರಲಿಲ್ಲ. ಬರೆಯುವ ಜಾಗವೇ ಇಲ್ಲದ ಕಡೆ ಸಂಖ್ಯೆ ಹುಟ್ಟುವುದಾದರೂ ಹೇಗೆ?

ಆದ್ದರಿಂದ “ನಮ್ಮ ಕಾಲದಲ್ಲಿ ಇತ್ತೇ” ಎಂಬುದಕ್ಕೆ ಇತ್ತು ಎಂದೇ ಉತ್ತರ. ಊರಿನ ಹಳಬರನ್ನು ಸ್ವಲ್ಪ ಕೆದಕಿ ಕೇಳಿದರೆ ಅವರ ನೆನಪಿನಲ್ಲೇ ಅಂಥವರು ಸಿಗುತ್ತಾರೆ: ಯಾರೊಡನೆಯೂ ಮಾತಾಡದೆ ದಿನವಿಡೀ ಅಡಿಕೆ ಆರಿಸುತ್ತಿದ್ದ ಚಿಕ್ಕಪ್ಪ, ಪಂಚಾಂಗದ ತಿಥಿಗಳನ್ನೆಲ್ಲ ತಪ್ಪಿಲ್ಲದೆ ಹೇಳುತ್ತಿದ್ದರೂ ಅಂಗಡಿಗೆ ಹೋಗಿ ಸಾಮಾನು ತರಲಾರದವನು, ಎರಡನೆಯ ಇಯತ್ತೆಗೇ ಶಾಲೆ ಬಿಡಿಸಿ ಮನೆಯೊಳಗೇ ಇಟ್ಟುಕೊಂಡ ಹುಡುಗಿ. ಅವರಿಗೆ ಮೂಗ, ಪೆದ್ದ, ಗ್ರಹಚಾರ ಎಂಬ ಹೆಸರುಗಳಿದ್ದವು. ಕೂಡುಕುಟುಂಬದಲ್ಲಿ ಅವರಿಗೊಂದು ಮೂಲೆ, ಒಂದು ಕೆಲಸ, ಒಂದು ಊಟ ಸಿಗುತ್ತಿತ್ತು ಎಂಬುದು ನಿಜ. ಎಷ್ಟೋ ಮಂದಿಯನ್ನು ಕಟ್ಟಿಹಾಕಿ ಸಾಕಿದ್ದೂ ಅಷ್ಟೇ ನಿಜ. ಹಿಂದಿನದೇ ಚೆನ್ನಾಗಿತ್ತೆಂದು ಹಂಬಲಿಸುವವರು ಈ ಎರಡನೆಯದನ್ನು ಮರೆಯಬಾರದು.

ಭಾರತದ ಮಟ್ಟಿಗೆ ಇದುವರೆಗಿನ ಗಟ್ಟಿಯಾದ ಎಣಿಕೆಯೊಂದರ ಒಂದು ಭಾಗ ನಮ್ಮ ಜಿಲ್ಲೆಯ ಗಡಿಯಾಚೆಯ ಗೋವಾದಲ್ಲೇ ನಡೆದಿದೆ. 2018ರಲ್ಲಿ ಪ್ರಕಟವಾದ ಆ ಅಧ್ಯಯನಕ್ಕಾಗಿ ಹರಿಯಾಣದ ಪಲ್ವಲ್, ಹಿಮಾಚಲದ ಕಾಂಗ್ರಾ, ಒಡಿಶಾದ ಧೆಂಕನಾಲ್, ಹೈದರಾಬಾದ್ ಮತ್ತು ಉತ್ತರ ಗೋವಾಗಳಲ್ಲಿ 2ರಿಂದ 9 ವರ್ಷದ ಮಕ್ಕಳನ್ನು ಮನೆಮನೆಗೆ ಹೋಗಿ ಪರೀಕ್ಷಿಸಿದರು. ಆಸ್ಪತ್ರೆಗೆ ಬಂದವರನ್ನಷ್ಟೇ ಎಣಿಸದೆ ಮನೆಗಳಲ್ಲಿದ್ದ ಮಕ್ಕಳನ್ನೇ ಆಯ್ದು ನೋಡಿದ್ದು ಇದರ ಹೆಚ್ಚುಗಾರಿಕೆ. ಆಟಿಸಂ ಸಿಕ್ಕಿದ್ದು ಸುಮಾರು ನೂರಕ್ಕೆ ಒಂದರಂತೆ. ಅಂದರೆ ಬಹುಕಾಲ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತ ಬಂದ ಜಾಗತಿಕ ಅಂದಾಜಿನ ಆಸುಪಾಸಿನಲ್ಲೇ. ಆಟಿಸಂ ಅಷ್ಟೇ ಅಲ್ಲದೆ ಶ್ರವಣದೋಷ, ದೃಷ್ಟಿದೋಷ, ಅಪಸ್ಮಾರ, ಸೆರೆಬ್ರಲ್ ಪಾಲ್ಸಿ (ಮೆದುಳಿನ ಹಾನಿಯಿಂದ ಅಂಗಗಳ ಚಲನೆಗೆ ಬರುವ ತೊಂದರೆ), ಬೌದ್ಧಿಕ ಅಸಾಮರ್ಥ್ಯ, ಎಡಿಎಚ್‌ಡಿ ಮುಂತಾದ ಒಂಬತ್ತು ತೊಂದರೆಗಳಲ್ಲಿ ಒಂದಾದರೂ ಇದ್ದ ಮಕ್ಕಳು, ಆರು ವರ್ಷದೊಳಗಿನವರಲ್ಲಿ ಶೇ 9.2, ಆರರಿಂದ ಒಂಬತ್ತರ ವಯಸ್ಸಿನವರಲ್ಲಿ ಶೇ 13.6. ದೊಡ್ಡ ಮಕ್ಕಳ ಗುಂಪಿನಲ್ಲಿ ಏಳೆಂಟು ಮಂದಿಗೆ ಒಬ್ಬರು ಎಂದಾಯಿತು. ಬೇರೆ ಬೇರೆ ಸ್ಥಳಗಳ ನಡುವೆ ವ್ಯತ್ಯಾಸ ಬಹಳವಿದ್ದರೂ ಕಾಳಿ ನದಿಯ ಈ ದಡದಲ್ಲಿರುವ ನಾವು ಇದನ್ನು ದೂರದೂರಿನ ಸುದ್ದಿಯೆಂದು ತಳ್ಳಿಹಾಕಲಾಗದು.

ಹಾಗಾದರೆ ಆಟಿಸಂ ಬರುವುದು ಯಾವುದರಿಂದ? ಮೊದಲ ಪಾಲು ವಂಶವಾಹಿಗಳದ್ದು. ಮಗುವಿನ ಜೊತೆ ತಾಯಿ ಪ್ರೀತಿಯಿಂದ ವರ್ತಿಸದಿರುವುದೇ ಕಾರಣವೆಂದು 1950, 60ರ ದಶಕಗಳಲ್ಲಿ ಪಶ್ಚಿಮದ ಮನಶ್ಶಾಸ್ತ್ರಜ್ಞರು ಕೆಲವರು ಸಾರಿ, ಒಂದು ತಲೆಮಾರಿನ ತಾಯಂದಿರನ್ನು ಸುಮ್ಮಸುಮ್ಮನೆ ಸುಟ್ಟರು. 1977ರಲ್ಲಿ ಬ್ರಿಟನ್ನಿನಲ್ಲಿ 21 ಅವಳಿ ಜೋಡಿಗಳ ಸಣ್ಣ ಅಧ್ಯಯನವೊಂದು ಆ ವಾದದ ಬುಡ ಅಲುಗಿಸಿತು. ತದ್ರೂಪಿ ಅವಳಿಗಳ 11 ಜೋಡಿಗಳಲ್ಲಿ ನಾಲ್ಕರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ತದ್ರೂಪಿಗಳಲ್ಲದ 10 ಜೋಡಿಗಳಲ್ಲಿ ಅಂಥ ಒಂದು ಜೋಡಿಯೂ ಇರಲಿಲ್ಲ. ಐದು ದೇಶಗಳ 20 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆಯನ್ನಾಧರಿಸಿದ 2019ರ ವಿಶ್ಲೇಷಣೆ, ಆಟಿಸಂನಲ್ಲಿ ಕಂಡುಬರುವ ವ್ಯತ್ಯಾಸದ ಸುಮಾರು 80 ಪ್ರತಿಶತ ಆನುವಂಶಿಕವೆಂದು ಅಂದಾಜಿಸಿತು. ಇದರರ್ಥ ಯಾರೋ ಒಬ್ಬರ ಕಡೆಯ “ರಕ್ತ ಕೆಟ್ಟದ್ದು” ಎಂದಲ್ಲ. ನೂರಾರು ವಂಶವಾಹಿಗಳ ಸಣ್ಣ ಸಣ್ಣ ಪಾಲು ಇಬ್ಬರ ಕಡೆಯಿಂದಲೂ ಸೇರುತ್ತದೆ. ಕೆಲವು ಮಕ್ಕಳಲ್ಲಿ ತಂದೆಯಲ್ಲೂ ಇಲ್ಲದ, ತಾಯಿಯಲ್ಲೂ ಇಲ್ಲದ ಹೊಸ ಬದಲಾವಣೆಯೇ ಮೂಡಿರುತ್ತದೆ.

ಆ ಹೊಸ ಬದಲಾವಣೆಗಳ ಸಂಬಂಧ ತಂದೆಯ ವಯಸ್ಸಿನೊಂದಿಗಿದೆ. ತಂದೆಯ ವಯಸ್ಸು ಒಂದು ವರ್ಷ ಹೆಚ್ಚಿದಂತೆಲ್ಲ ಮಗುವಿಗೆ ದಾಟುವ ಹೊಸ ಬದಲಾವಣೆಗಳು ಸುಮಾರು ಎರಡರಂತೆ ಹೆಚ್ಚುತ್ತವೆಂದು ಐಸ್‌ಲ್ಯಾಂಡಿನ ಅಧ್ಯಯನ 2012ರಲ್ಲಿ ತೋರಿಸಿತು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆ ಇದನ್ನು ಗಂಭೀರವಾಗಿ ಯೋಚಿಸಬೇಕಾಗಿದೆ. ತೋಟದ ಮನೆಗಳಲ್ಲಿ ಹೆಣ್ಣು ಸಿಗದೆ ಮೂವತ್ತೈದು, ನಲವತ್ತು ದಾಟಿದ ಮೇಲೆ ಮದುವೆಯಾಗುವ ಗಂಡುಮಕ್ಕಳ ಸಂಗತಿ ಎಲ್ಲರಿಗೂ ಗೊತ್ತಿರುವುದೇ. ಪೇಟೆಯಲ್ಲಿ ಓದು, ನೌಕರಿ, ಸಾಲ ಎಂದು ತಡವಾಗುವ ಮದುವೆಗಳೂ ಹೆಚ್ಚಿವೆ. ನಿಜವಾದ ಹೆಚ್ಚಳಕ್ಕೆ ಇದೊಂದು ಕಾರಣವಾಗಿರಬಹುದು. ಆದರೆ ಪ್ರತಿಯೊಬ್ಬರ ಮಟ್ಟಿಗೆ ಹೆಚ್ಚುವ ಅಪಾಯ ಚಿಕ್ಕದು. ತಡವಾಗಿ ಮದುವೆಯಾದವರ ಮಕ್ಕಳಲ್ಲಿ ಬಹುಪಾಲು ಮಂದಿ ಯಾವ ತೊಂದರೆಯೂ ಇಲ್ಲದೆ ಬೆಳೆಯುತ್ತಾರೆಂಬುದನ್ನು ಇದರ ಜೊತೆಗೇ ಹೇಳಬೇಕು.

ಇನ್ನೊಂದು ಕಾರಣ, ನಾವು ಸಂತೋಷಪಡಬೇಕಾದ ಬೆಳವಣಿಗೆಯ ಮಗ್ಗುಲಲ್ಲೇ ಇದೆ. ಕರ್ನಾಟಕದಲ್ಲಿ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿದ್ದವು. ಹಿಂದೆ ಬದುಕುಳಿಯದಿದ್ದ ಏಳು, ಎಂಟು ತಿಂಗಳ ಮಕ್ಕಳನ್ನು ನವಜಾತ ಶಿಶು ಘಟಕಗಳು ಇಂದು ಉಳಿಸುತ್ತಿವೆ. ಹೀಗೆ ಅವಧಿಗೆ ಮುನ್ನ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ದೃಷ್ಟಿ ಮತ್ತು ಕಲಿಕೆಯ ತೊಂದರೆಗಳ ಸಂಭವ ಹೆಚ್ಚು. ಜೀವ ಉಳಿಸಿದ ವ್ಯವಸ್ಥೆಯೇ ಆ ಮಗುವಿನ ಬೆಳವಣಿಗೆಯನ್ನು ಎರಡು ಮೂರು ವರ್ಷ ಬೆನ್ನುಹತ್ತಿ ನೋಡಬೇಕಿತ್ತು. ನಮ್ಮಲ್ಲಿ ಡಿಸ್ಚಾರ್ಜ್ ಚೀಟಿಯೊಂದಿಗೇ ಎಲ್ಲ ಮುಗಿದಂತಾಗುತ್ತದೆ.

ಗರ್ಭಾವಸ್ಥೆಯ ಔಷಧಗಳ ಪೈಕಿ ಸ್ಪಷ್ಟ ಸಾಕ್ಷ್ಯವಿರುವುದು ಅಪಸ್ಮಾರಕ್ಕೆ ಕೊಡುವ ಸೋಡಿಯಂ ವ್ಯಾಲ್‌ಪ್ರೊಯೇಟ್ ವಿರುದ್ಧ. ಬಸುರಿಯಿದ್ದಾಗ ಅದನ್ನು ಸೇವಿಸಿದವರ ಮಕ್ಕಳಲ್ಲಿ ಆಟಿಸಂ ಸ್ಪೆಕ್ಟ್ರಂ ಕಾಣಿಸುವ ಸಂಭವ ಶೇ 1.5ರಿಂದ ಶೇ 4.4ಕ್ಕೆ ಏರಿತ್ತೆಂದು 2013ರ ಡೆನ್ಮಾರ್ಕ್ ಅಧ್ಯಯನ ಹೇಳಿತು. ಮೂರ್ಛೆರೋಗವಿರುವ ಹೆಣ್ಣುಮಕ್ಕಳು ಮಾತ್ರೆಯನ್ನು ತಾವಾಗಿ ನಿಲ್ಲಿಸದೆ, ಮದುವೆ ನಿಶ್ಚಯವಾದಾಗಲೇ ವೈದ್ಯರೊಂದಿಗೆ ಬದಲಿ ಔಷಧದ ಮಾತು ಆಡಬೇಕು. ಪ್ಯಾರಾಸಿಟಮಾಲ್ ವಿಷಯ ಹಾಗಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷರೇ ಅದನ್ನು ಆಟಿಸಂಗೆ ಗಂಟುಹಾಕಿ ಮಾತಾಡಿದ ಮೇಲೆ ಇಲ್ಲಿಯ ಬಸುರಿಯರೂ ಜ್ವರದ ಮಾತ್ರೆಗೆ ಹೆದರುವಂತಾಯಿತು. ಸುಮಾರು 25 ಲಕ್ಷ ಮಕ್ಕಳನ್ನೊಳಗೊಂಡ ಸ್ವೀಡನ್ನಿನ 2024ರ ಅಧ್ಯಯನದಲ್ಲಿ, ಒಂದೇ ತಾಯಿಯ ಮಕ್ಕಳನ್ನು ಪರಸ್ಪರ ಹೋಲಿಸಿದಾಗ ಆ ಸಂಬಂಧ ಕಾಣಿಸಲೇ ಇಲ್ಲ. ಗರ್ಭಿಣಿಗೆ ಜೋರು ಜ್ವರ ಬಂದಾಗ ಇಳಿಸದೆ ಬಿಡುವುದೂ ಮಗುವಿಗೆ ಒಳ್ಳೆಯದಲ್ಲ.

ಲಸಿಕೆಯ ಬಗ್ಗೆ ಇನ್ನೂ ಖಚಿತವಾಗಿ ಹೇಳಬಹುದು. 1998ರಲ್ಲಿ ಬ್ರಿಟನ್ನಿನ ವೈದ್ಯನೊಬ್ಬ ಕೇವಲ 12 ಮಕ್ಕಳನ್ನು ಮುಂದಿಟ್ಟುಕೊಂಡು, ದಡಾರ, ಮಂಗನಬಾವು, ರುಬೆಲ್ಲಾಗಳ ಸಂಯುಕ್ತ ಲಸಿಕೆಯ ಮೇಲೆ ಹುಟ್ಟುಹಾಕಿದ ಸಂಶಯ ಅದು. ಆ ಲೇಖನವನ್ನು ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ಆತನ ವೈದ್ಯಕೀಯ ನೋಂದಣಿಯೂ ರದ್ದಾಯಿತು. ಜಪಾನಿನಲ್ಲಿ 1993ರಲ್ಲಿ ಆ ಸಂಯುಕ್ತ ಲಸಿಕೆಯನ್ನೇ ನಿಲ್ಲಿಸಿದ ಮೇಲೂ ಯೊಕೊಹಾಮಾದಲ್ಲಿ ಆಟಿಸಂ ದಾಖಲಾತಿ ಏರುತ್ತಲೇ ಹೋಯಿತು. ಡೆನ್ಮಾರ್ಕಿನ 6,57,461 ಮಕ್ಕಳನ್ನು ಹಿಂಬಾಲಿಸಿದ 2019ರ ಅಧ್ಯಯನದಲ್ಲಿ ಲಸಿಕೆ ಪಡೆದವರಿಗೆ ಹೆಚ್ಚಿನ ಅಪಾಯವೇನೂ ಇರಲಿಲ್ಲ. ದಡಾರ–ರುಬೆಲ್ಲಾ ಲಸಿಕೆಯ ಅಭಿಯಾನ 2017ರ ಫೆಬ್ರುವರಿಯಲ್ಲಿ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆಗ ವಾಟ್ಸ್‌ಆ್ಯಪ್‌ನಲ್ಲಿ ಹರಿದ ವದಂತಿಗಳು ಈಗಲೂ ಪೂರ್ತಿ ಅಳಿದಿಲ್ಲ. ಬಸುರಿಯ ಮೊದಲ ತಿಂಗಳುಗಳಲ್ಲಿ ತಾಯಿಗೆ ರುಬೆಲ್ಲಾ ತಗುಲಿದರೆ ಮಗು ಕಿವುಡಾಗಬಹುದು, ಕಣ್ಣಿಗೆ, ಹೃದಯಕ್ಕೆ ಪೆಟ್ಟಾಗಬಹುದು, ಆಟಿಸಂ ಕೂಡ ಬರಬಹುದು ಎಂಬುದು 1970ರ ದಶಕದಿಂದ ತಿಳಿದಿರುವ ಸಂಗತಿ. ಆಟಿಸಂನ ಗೊತ್ತಿರುವ ಕಾರಣವೊಂದನ್ನು ತಡೆಯುವ ಲಸಿಕೆಗೇ ಆಟಿಸಂನ ಅಪವಾದ ಹೊರಿಸುವುದು ಎಂಥ ಅನ್ಯಾಯ! ಹದಿನೆಂಟು ತಿಂಗಳ ಆಸುಪಾಸಿನಲ್ಲಿ ಲಸಿಕೆಯೂ ಬೀಳುತ್ತದೆ, ಮಾತು ನಿಂತಿತೆಂಬುದೂ ಅದೇ ಹೊತ್ತಿಗೆ ಕಣ್ಣಿಗೆ ಬೀಳುತ್ತದೆ. ತಂದೆತಾಯಿಗೆ ಒಂದರಿಂದಲೇ ಇನ್ನೊಂದಾಯಿತೆಂದು ತೋರುವುದು ಆ ಕಾರಣಕ್ಕೆ. ಅವರನ್ನು ಗದರಿಸಿ ಪ್ರಯೋಜನವಿಲ್ಲ, ಕೂತು ವಿವರಿಸಬೇಕು.

ಕರಾವಳಿಯವರ ಇನ್ನೆರಡು ಅನುಮಾನಗಳನ್ನು ಹೊರಗಿನವರು ಸುಲಭವಾಗಿ ತಳ್ಳಿಹಾಕಿಬಿಡುತ್ತಾರೆ. ಅವುಗಳ ಹಿಂದೆ ಅನುಭವವಿದೆ. ದಕ್ಷಿಣ ಕನ್ನಡದ ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಕೀಟನಾಶಕ ಎಷ್ಟು ಮನೆಗಳ ಮಕ್ಕಳನ್ನು ಹಾಸಿಗೆ ಹಿಡಿಸಿತೆಂಬುದನ್ನು ಜನ ಕಣ್ಣಾರೆ ಕಂಡಿದ್ದಾರೆ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು, ಉತ್ತರ ಕನ್ನಡ ಸೇರಿ ಕರಾವಳಿಯ ಮೂರೂ ಜಿಲ್ಲೆಗಳ ಸಂತ್ರಸ್ತರಿಗೆ ಸರ್ಕಾರ ಮಾಸಾಶನ ಕೊಡುತ್ತಿದೆ. ಹೀಗಿರುವಾಗ ತೋಟದ ಔಷಧಿಯ ಕಡೆ ಬೆರಳು ಹೋಗುವುದು ತಪ್ಪಲ್ಲ. ಬಸುರಿಯರು ವಾಸಿಸುವ ಜಾಗದ 2,000 ಮೀಟರ್ ಒಳಗೆ ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕ ಸಿಂಪಡಿಸಿದ ಕಡೆ ಆಟಿಸಂ ಸಂಭವ ಅಲ್ಪ ಪ್ರಮಾಣದಲ್ಲಿ ಹೆಚ್ಚಿದ್ದನ್ನು ಕ್ಯಾಲಿಫೋರ್ನಿಯಾದ 2019ರ ಅಧ್ಯಯನವೊಂದು ಗುರುತಿಸಿದೆ. ಇದು ಸಂಬಂಧವೇ ಹೊರತು ಸಾಬೀತಾದ ಕಾರಣವಲ್ಲ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ. ಅದೂ ಈ ಕೀಟನಾಶಕಗಳೂ ಬೇರೆ ಬೇರೆ. ಆದರೂ ಸಿಂಪಡಣೆಯ ದಿನಗಳಲ್ಲಿ ಬಸುರಿಯರನ್ನು ತೋಟದಿಂದ ದೂರವಿಡುವುದು, ಔಷಧದ ಡಬ್ಬಿಯನ್ನು ಅಡುಗೆಮನೆಗೆ ತಾರದಿರುವುದು ಇವಕ್ಕೆ ಖರ್ಚಿಲ್ಲ. ಇನ್ನು ಕೈಗಾ. 2000ದಿಂದ ವಿದ್ಯುತ್ ಕೊಡುತ್ತಿರುವ ಆ ಸ್ಥಾವರದ ಸುತ್ತಲಿನ ಜನರ ಆರೋಗ್ಯವನ್ನು ಸತತವಾಗಿ ಗಮನಿಸಬೇಕೆಂಬ ಬೇಡಿಕೆ ನ್ಯಾಯವಾದದ್ದೇ. ಆದರೆ ಯಾವ ಅಣುಸ್ಥಾವರವೂ ಹತ್ತಿರವಿಲ್ಲದ ಊರುಗಳಲ್ಲೂ ಆಟಿಸಂ ದಾಖಲಾತಿ ಇದೇ ರೀತಿ ಏರಿದೆ. ಆದ್ದರಿಂದ ಈ ಏರಿಕೆಯ ಕಾರಣವನ್ನು ಅಲ್ಲಿ ಹುಡುಕಿ ಫಲವಿಲ್ಲ.

ಮೊಬೈಲಿನ ವಿಚಾರಕ್ಕೆ ಎರಡು ಮುಖಗಳಿವೆ. ಒಂದು ವರ್ಷದ ಮಗು ಹೆಚ್ಚು ಹೊತ್ತು ಪರದೆ ನೋಡಿದಷ್ಟೂ ಮೂರನೆಯ ವರ್ಷಕ್ಕೆ, ಗಂಡುಮಕ್ಕಳಲ್ಲಿ, ಆಟಿಸಂ ಗುರುತಾಗುವುದು ಹೆಚ್ಚೆಂದು 2022ರ ಜಪಾನಿನ ಅಧ್ಯಯನ ಹೇಳಿದೆ. ಆದರೆ ಜನರ ಜೊತೆ ಬೆರೆಯಲು ಒಲ್ಲದ, ಸಮಾಧಾನ ಮಾಡಲು ಕಷ್ಟವಾದ ಮಗುವಿನ ಕೈಗೇ ಮೊಬೈಲು ಹೆಚ್ಚಾಗಿ ಸೇರುತ್ತದೆ. ಯಾವುದು ಮೊದಲು, ಯಾವುದು ನಂತರ ಎಂಬುದು ಅಂಥ ಅಧ್ಯಯನಗಳಿಂದ ತೀರ್ಮಾನವಾಗುವುದಿಲ್ಲ. ‘ವರ್ಚುವಲ್ ಆಟಿಸಂ’ ಎಂದು, ಪರದೆಯಿಂದಲೇ ಬರುವ ಆಟಿಸಂ ಎಂಬ ಅರ್ಥದಲ್ಲಿ ಈಚೆಗೆ ಕೇಳಿಬರುವ ಹೆಸರು ಯಾವ ಅಧಿಕೃತ ಕೈಪಿಡಿಯಲ್ಲೂ ಇಲ್ಲ. ಹಾಗೆಂದು ಪರದೆ ನಿರಪಾಯವೆಂದೂ ಅಲ್ಲ: ಮಗುವಿನ ಮಾತು ಬೆಳೆಯುವುದು ಎದುರಿನವರು ಉತ್ತರ ಕೊಟ್ಟಾಗ, ಮೊಬೈಲು ಉತ್ತರ ಕೊಡುವುದಿಲ್ಲ. ಎರಡು ವರ್ಷದೊಳಗೆ ಪರದೆಯೇ ಬೇಡ, ಎರಡರಿಂದ ಐದರವರೆಗೆ ದಿನಕ್ಕೊಂದು ಗಂಟೆ ಮೀರದಿರಲಿ ಎಂದು ಭಾರತೀಯ ಮಕ್ಕಳ ತಜ್ಞರ ಸಂಘ ಹೇಳುತ್ತದೆ. ಗಂಡ ದೂರದೂರಿನ ನೌಕರಿಯಲ್ಲಿದ್ದು, ಅತ್ತೆಮಾವ ಊರಲ್ಲಿದ್ದು, ಬಾಡಿಗೆ ಮನೆಯಲ್ಲಿ ಒಬ್ಬಳೇ ಅಡುಗೆ ಮಾಡುತ್ತ ಮಗುವಿನ ಕೈಗೆ ಮೊಬೈಲು ಕೊಟ್ಟ ತಾಯಿಯನ್ನು ಅಪರಾಧಿಯಂತೆ ನೋಡುವ ಮೊದಲು, ಆ ಅರ್ಧ ಗಂಟೆ ಮಗುವನ್ನು ಎತ್ತಿಕೊಳ್ಳುವವರು ಯಾರಿದ್ದರು ಎಂದು ಕೇಳಿಕೊಳ್ಳಬೇಕು.

ಇದಕ್ಕೆ ತಾಗಿಕೊಂಡಿರುವ ಇನ್ನೊಂದು ತಪ್ಪು ಸಲಹೆ ಈ ಜಿಲ್ಲೆಯಲ್ಲಿ ವಿಶೇಷವಾಗಿ ಹಾನಿ ಮಾಡುತ್ತಿದೆ. ಕಾರವಾರದ ಮಗು ಮನೆಯಲ್ಲಿ ಕೊಂಕಣಿ, ಅಂಗಳದಲ್ಲಿ ಕನ್ನಡ, ನೆರೆಮನೆಯಲ್ಲಿ ಮರಾಠಿ ಕೇಳುತ್ತದೆ. ಭಟ್ಕಳದಲ್ಲಿ ನವಾಯತಿ, ಶಿರಸಿಯ ಕಡೆ ಹವ್ಯಕ ಕನ್ನಡ, ಅಂಕೋಲೆಯಲ್ಲಿ ಹಾಲಕ್ಕಿಗಳ ಮಾತು. ಮಾತು ತಡವಾದ ಕೂಡಲೇ “ಭಾಷೆ ಹೆಚ್ಚಾಗಿ ಗೊಂದಲವಾಗಿದೆ, ಒಂದೇ ಭಾಷೆ ಆಡಿ, ಇಂಗ್ಲಿಷ್ ಆದರೆ ಶಾಲೆಗೂ ಆಯಿತು” ಎನ್ನುವವರಿದ್ದಾರೆ. ಎರಡು ಮೂರು ಭಾಷೆಗಳ ನಡುವೆ ಬೆಳೆಯುವುದರಿಂದ ಆಟಿಸಂ ಬರುವುದಿಲ್ಲ. ಆಟಿಸಂ ಇರುವ ಮಕ್ಕಳಲ್ಲೂ ಅದು ಮಾತನ್ನು ಇನ್ನಷ್ಟು ಹಿಂದೆ ತಳ್ಳುವುದಿಲ್ಲವೆಂದು ಹಲವು ಅಧ್ಯಯನಗಳು ಕಂಡುಕೊಂಡಿವೆ. ತನಗೆ ಸಲೀಸಾಗಿ ಬರುವ ಭಾಷೆಯನ್ನು ಬಿಟ್ಟ ಅಜ್ಜಿ ಮಗುವಿನೊಡನೆ ಮಾತನ್ನೇ ಕಡಿಮೆ ಮಾಡುತ್ತಾಳೆ. ನಷ್ಟವಾಗುವುದು ಅಲ್ಲಿ.

ಆಟಿಸಂನ ಮಾತಿನ ಗದ್ದಲದಲ್ಲಿ, ತಡೆಯಲು ಸಾಧ್ಯವಿರುವ ತೊಂದರೆಗಳು ಮರೆಯಾಗುತ್ತಿರುವುದು ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದೆ. ಉತ್ತರ ಗೋವಾವನ್ನೂ ಒಳಗೊಂಡ ಆ ಅಧ್ಯಯನದಲ್ಲಿ ಅತಿ ಹೆಚ್ಚಾಗಿ ಸಿಕ್ಕಿದ್ದು ಶ್ರವಣದೋಷ ಮತ್ತು ಬೌದ್ಧಿಕ ಅಸಾಮರ್ಥ್ಯ, ಆಟಿಸಂ ಅಲ್ಲ. ಮನೆಯಲ್ಲೇ ಹೆರಿಗೆ, ಹುಟ್ಟುವಾಗ ಉಸಿರುಗಟ್ಟುವುದು, ಹುಟ್ಟಿದ ಮೊದಲ ವಾರಗಳ ಕಾಯಿಲೆ, ಮೆದುಳಿನ ಸೋಂಕು, ಕಡಿಮೆ ತೂಕ, ಕುಂಠಿತ ಬೆಳವಣಿಗೆ ಇವೆಲ್ಲ ಅಲ್ಲಿ ಗುರುತಾದ ಅಪಾಯಗಳು. ಜೋಯಿಡಾದ ಕಾಡಿನೊಳಗಿನ ಊರಿನಿಂದ ಜಡಿಮಳೆಯ ರಾತ್ರಿ ಹೆರಿಗೆನೋವು ಶುರುವಾದವಳನ್ನು ಘಟ್ಟದ ರಸ್ತೆಯಲ್ಲಿ ಸಾಗಿಸುವಾಗ ಕಳೆಯುವ ಒಂದೊಂದು ಗಳಿಗೆಯೂ ಮಗುವಿನ ಮೆದುಳಿಗೆ ಸಲ್ಲಬೇಕಾದ ಆಮ್ಲಜನಕದ ಲೆಕ್ಕ. ಸಾವಿರಕ್ಕೊಂದರಷ್ಟು ಮಕ್ಕಳಲ್ಲಿ ಹುಟ್ಟಿನಿಂದಲೇ ಥೈರಾಯ್ಡ್ ಕೊರತೆಯಿರುತ್ತದೆ. ಎರಡು ಮೂರು ವಾರಗಳೊಳಗೆ ಪತ್ತೆಹಚ್ಚಿ ಅಗ್ಗದ ಮಾತ್ರೆ ಶುರುಮಾಡಿದರೆ ಬುದ್ಧಿಬೆಳವಣಿಗೆ ಸರಿಯಾಗಿ ಆಗುತ್ತದೆ, ತಡವಾದರೆ ಆದ ಹಾನಿ ಮರಳದು. ಪ್ರತಿ ಶಿಶುವಿಗೂ ಆ ಪರೀಕ್ಷೆ ಮಾಡುವ ವ್ಯವಸ್ಥೆ ದೇಶದಲ್ಲಿ ಇನ್ನೂ ಬಂದಿಲ್ಲ. ಸೋದರಮಾವನೊಡನೆ, ಅತ್ತೆಯ ಮಗನೊಡನೆ ಆಗುವ ಮದುವೆಗಳು ಕರ್ನಾಟಕದಲ್ಲಿ ಇನ್ನೂ ಕಾಲು ಭಾಗದಷ್ಟಿವೆ. ಹುಟ್ಟುಕಿವುಡು ಮತ್ತು ಕೆಲವು ಬಗೆಯ ಬೌದ್ಧಿಕ ಅಸಾಮರ್ಥ್ಯಕ್ಕೆ ಅದರ ಪಾಲು ಸ್ಪಷ್ಟ. ಒಂದು ಮಗುವಿಗೆ ಹೀಗಾದ ಮನೆಯಲ್ಲಿ ಮುಂದಿನ ಸಂಬಂಧ ನೋಡುವ ಮೊದಲು ಆನುವಂಶಿಕ ಸಲಹೆ ಪಡೆಯುವುದು ಅವಶ್ಯ.

ಹೀಗೆ ನೋಡಿದರೆ, ಅಮೆರಿಕದ ಆತಂಕವನ್ನು ಹಾಗೆಯೇ ತಂದು ಇಲ್ಲಿ ನೆಡುವುದರಲ್ಲಿ ಅರ್ಥವಿಲ್ಲ. ಅಲ್ಲಿ ಸಂಖ್ಯೆ ಯಾಕಿಷ್ಟು ಎಂಬ ಪ್ರಶ್ನೆಯಾದರೆ, ನೂರಕ್ಕೊಂದು ಎಂಬ ಅಂದಾಜನ್ನು ಉತ್ತರ ಕನ್ನಡಕ್ಕೆ ಹಚ್ಚಿದಾಗ ಇಲ್ಲಿ ಏಳುವ ಪ್ರಶ್ನೆ, ಉಳಿದ ಮಕ್ಕಳೆಲ್ಲ ಎಲ್ಲಿದ್ದಾರೆ ಎಂಬುದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆರಡು ಬಾರಿ, ಶಾಲೆಗಳಿಗೆ ಒಮ್ಮೆ ಬಂದು ಮಕ್ಕಳನ್ನು ತಪಾಸಣೆ ಮಾಡಬೇಕು. ಬೆಳವಣಿಗೆಯ ವಿಳಂಬ ಕಂಡರೆ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಬೇಕು. ಯೋಜನೆ ಒಳ್ಳೆಯದು. ಆದರೆ ಅಂಗನವಾಡಿಯ ಒಂದು ಭೇಟಿಯಲ್ಲಿ, ಸುಮ್ಮನೆ ಮೂಲೆಯಲ್ಲಿ ಕೂತ, ಯಾರಿಗೂ ತೊಂದರೆ ಕೊಡದ ಮಗು ಕಣ್ಣಿಗೆ ಬೀಳುವುದೇ ಇಲ್ಲ. ಹೆಣ್ಣುಮಕ್ಕಳಾದರಂತೂ “ನಾಚಿಕೆ ಸ್ವಭಾವ” ಎಂದು ಮುಗಿಯುತ್ತದೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜಿಲ್ಲೆ ವರ್ಷಗಳಿಂದ ಕೂಗುತ್ತಿದೆ. ಆ ಕೂಗು ಅಪಘಾತ ಮತ್ತು ಹೃದಯಾಘಾತದ ರೋಗಿಗಳ ನೆಪದಲ್ಲಿ ಎದ್ದದ್ದು, ಆದರೆ ಮಾತು ಬಾರದ ಮಗುವಿನ ದುಃಖಕ್ಕೂ ಅದೇ ದೂರವೇ ಕಾರಣ. ವಾರಕ್ಕೆ ಎರಡು ದಿನ ವಾಕ್ ಚಿಕಿತ್ಸೆಯೆಂದರೆ ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು ನೂರು ಕಿಲೋಮೀಟರ್ ಹೋಗಿ ಬರುವ ಬಸ್ಸು, ಅಂದಿನ ಕೂಲಿ, ಇನ್ನೊಂದು ಮಗುವನ್ನು ನೋಡಿಕೊಳ್ಳುವವರು ಇಷ್ಟೂ ಹೊಂದಿಬರಬೇಕು. ನಾಲ್ಕಾರು ವಾರದ ನಂತರ ಹೆಚ್ಚಿನವರು ನಿಲ್ಲಿಸಿಬಿಡುತ್ತಾರೆ. ಆ ಜಾಗಕ್ಕೆ ಬೇರೆಯವರು ಬರುತ್ತಾರೆ: ಲಕ್ಷಗಟ್ಟಲೆ ಹಣಕ್ಕೆ ಸ್ಟೆಮ್ ಸೆಲ್ ಚಿಕಿತ್ಸೆಯ ಆಸೆ ಹುಟ್ಟಿಸುವವರು, ಪೂರ್ತಿ ವಾಸಿಯಾಗುತ್ತದೆಂದು ಮಾತು ಕೊಡುವವರು. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ತೋಟ ಒತ್ತೆಯಿಟ್ಟು ಆ ದಾರಿ ಹಿಡಿಯುವವರಿಗೆ ಇದನ್ನು ಯಾರಾದರೂ ಮೊದಲೇ ತಿಳಿಸಬೇಕು.

ಬೇರೆ ದಾರಿಯೊಂದು ಗೋವಾದಲ್ಲಿ ಪರೀಕ್ಷೆಗೊಳಪಟ್ಟಿದೆ. ಬ್ರಿಟನ್ನಿನಲ್ಲಿ ತಜ್ಞರು ಬಳಸುತ್ತಿದ್ದ ವಿಧಾನವನ್ನು ದಕ್ಷಿಣ ಏಷ್ಯಾಕ್ಕೆ ಒಗ್ಗಿಸಿ, ತಜ್ಞರಲ್ಲದ ಸಾಮಾನ್ಯ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಅವರ ಮೂಲಕ ತಂದೆತಾಯಿಗೆ ಕಲಿಸುವ ಪ್ರಯೋಗ ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಗಳಲ್ಲಿ 65 ಮಕ್ಕಳೊಂದಿಗೆ ನಡೆಯಿತು; ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಮಗುವಿಗೆ ಆಜ್ಞೆ ಕೊಡುವ ಬದಲು ಅದು ನೋಡುತ್ತಿರುವುದನ್ನೇ ತಾನೂ ನೋಡಿ, ಅದರ ಬಗ್ಗೆಯೇ ಸಣ್ಣ ಮಾತಾಡಿ, ಮಗುವಿನ ಕಡೆಯಿಂದ ಪ್ರತಿಕ್ರಿಯೆ ಬರುವವರೆಗೆ ಕಾಯುವುದನ್ನು ತಂದೆತಾಯಿ ಕಲಿತರು. ಅವರ ಸ್ಪಂದನ ಸುಧಾರಿಸಿತು, ಮಕ್ಕಳು ತಾವಾಗಿಯೇ ಸಂವಹನ ಶುರುಮಾಡುವುದು ಹೆಚ್ಚಿತು. ಪ್ರಯೋಗ ಸಣ್ಣದು, ಪವಾಡವೇನೂ ಆಗಲಿಲ್ಲ. ಆದರೆ ಆಶಾ ಕಾರ್ಯಕರ್ತೆಯರೂ ಅಂಗನವಾಡಿ ಶಿಕ್ಷಕಿಯರೂ ಊರೂರಿಗಿರುವ ಜಿಲ್ಲೆಗೆ ಇದಕ್ಕಿಂತ ಹೊಂದುವ ಮಾದರಿ ನನಗೆ ಕಾಣುತ್ತಿಲ್ಲ.

ಅದಕ್ಕೆ ಮೊದಲು ಬೇಕಾದ ತಿಳಿವಳಿಕೆ ತಾಯಿ ಕಾರ್ಡಿನ ಬೆಳವಣಿಗೆಯ ಪುಟದಷ್ಟು ಹತ್ತಿರದಲ್ಲಿದೆ. ಒಂದು ವರ್ಷಕ್ಕೆ ಹೆಸರಿಗೆ ತಿರುಗದಿದ್ದರೆ, ಒಂದೂವರೆ ವರ್ಷಕ್ಕೆ ಬೇಕಾದದ್ದನ್ನು ಬೆರಳು ಮಾಡಿ ತೋರಿಸದಿದ್ದರೆ, ಎರಡು ವರ್ಷಕ್ಕೆ ಎರಡು ಪದ ಕೂಡಿಸಿ ಹೇಳದಿದ್ದರೆ, ಅಥವಾ ಬಂದ ಮಾತು ಯಾವ ವಯಸ್ಸಿನಲ್ಲಾದರೂ ಹೋದರೆ, “ಅವನ ಅಪ್ಪನಿಗೂ ಮಾತು ತಡವಾಗಿಯೇ ಬಂತು” ಎಂದು ಕಾಯದೆ ಮೊದಲು ಕಿವಿ ಪರೀಕ್ಷೆ, ನಂತರ ಬೆಳವಣಿಗೆಯ ಪರೀಕ್ಷೆ ಮಾಡಿಸಬೇಕು. ಕಿವಿ ಕೇಳದ್ದರಿಂದ ಮಾತು ಬಾರದ ಮಗುವೂ ಆಟಿಸಂ ಇರುವ ಮಗುವೂ ಎರಡು ವರ್ಷದಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ಕಾಣಬಹುದು. ಇಬ್ಬರಿಗೂ ಬೇಕಾದ ನೆರವು ಮಾತ್ರ ಬೇರೆ. ಚಿಕಿತ್ಸಕರ ಸರದಿ ಮೂರು ತಿಂಗಳ ನಂತರ ಸಿಕ್ಕಿದರೂ ಮನೆಯ ಕೆಲಸ ಅಂದೇ ಶುರುವಾಗಬಹುದು. ಆಟಿಸಂ ಖಚಿತವಾದರೆ ಅದರ ತೀವ್ರತೆಯನ್ನು ಭಾರತೀಯ ಮಾಪನದಲ್ಲಿ ಅಳೆದು ಕೊಡುವ ಪ್ರಮಾಣಪತ್ರ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್, ರಾಷ್ಟ್ರೀಯ ನ್ಯಾಸದ ನಿರಾಮಯ ಯೋಜನೆಯಡಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ಇವುಗಳಿಗೆ ಅರ್ಜಿ ಹಾಕಬಹುದು. ನಿರಾಮಯದಲ್ಲಿ ವಾಕ್ ಚಿಕಿತ್ಸೆಯಂಥ ಖರ್ಚಿಗೂ ಅವಕಾಶವಿದೆ.